ಸುಮ್ಮನಾದ ಮಗು

ಆಸ್ಪತ್ರೆಯ ಔಷಧಿ ಕಿಟಕಿಯ ಸಾಲಿನಲ್ಲಿ ನಿಂತಿದ್ದ ದರ್ಜಿ ಹೆಂಗಸಿಗೆ ತನ್ನ ಬಿಪಿ ಮಾತ್ರೆಯದೇ ಚಿಂತೆ. ಆದರೂ ಮುಂದಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬೀಳುತ್ತಲೇ ಇತ್ತು. ತಂಗಿಯ ಸೊಂಟಕ್ಕೊರಗಿ, ಆರೇಳು ವರ್ಷದ, ಮಾತು ಬಾರದ ಮಗಳು ತೂಕಡಿಸುತ್ತಿದ್ದಳು.

“ಚೀಟಿ ಯಾಕೇ ಮಡಚಿಟ್ಟೆ? ನಮ್ಮ ಸರದಿ ಬರ್ತಾ ಇದೆ.”

“ಈ ಮಾತ್ರೆ ಬೇಡ ಅನಿಸ್ತಿದೆ ಅಕ್ಕ. ಡಾಕ್ಟರನ್ನ ಕೇಳಿ ಬಿಡಿಸ್ತೀನಿ.”

“ಹುಚ್ಚಿ! ಕೆನ್ನೆ ಹೊಡ್ಕೊಂಡು, ನಿನ್ನ ಕೈ ಕಚ್ಚಿ ಹಣ್ಣು ಮಾಡಿದ್ದು ಮರೆತ್ಯಾ? ಈ ಮಾತ್ರೆ ಶುರುವಾದ ಮೇಲೆ ನೋಡು, ಬಂಗಾರದಂಥ ಮಗು.”

“ಟೀಚರೂ ಹಾಗೇ ಅಂದ್ರು. ಬೊಂಬೆ ಥರ ಕೂತಿರ್ತಾಳಂತೆ.”

“ಮತ್ತಿನ್ನೇನು? ನಿನಗೂ ನೆಮ್ಮದಿಯಾಗಿ ಎರಡು ತುತ್ತು ಇಳೀತಿದೆ.”

“ಅದೇ ಅಕ್ಕ. ನನ್ನ ನೆಮ್ಮದಿಗೆ ಅವಳು ಮಾತ್ರೆ ನುಂಗ್ತಿದಾಳೆ.”

“ದೊಡ್ಡ ಮಾತು ಬೇಡ. ಏನಾಯ್ತು ಹೇಳು.”

“ನಿನ್ನೆ ಅವಳ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಎಡಗಡೆ ದವಡೆ ಹಲ್ಲು ಹುಳುಕಾಗಿದೆ. ಒಸಡು ಊದಿದೆ.”

ಅಕ್ಕ ಬಗ್ಗಿ ಮಗುವಿನ ಕೆನ್ನೆ ನೋಡಿದಳು.

“ಎಡಗೆನ್ನೆಗೇ ಅಲ್ವೇನೇ ಹೊಡ್ಕೋತಿದ್ದಿದ್ದು?”

“ಹೂಂ. ಬಲಗೆನ್ನೆ ಯಾವತ್ತೂ ಮುಟ್ಟಿಲ್ಲ.”

“ಡಾಕ್ಟ್ರು ಬಾಯಿ ನೋಡಲಿಲ್ವಾ?”

“ಹೆತ್ತ ನಾನೇ ನೋಡಲಿಲ್ಲ. ಇವಳ ಸ್ವಭಾವವೇ ಇಷ್ಟು ಅಂದ್ಕೊಂಡೆ. ನೋವು ಅಂತ ಅವಳು ತನ್ನ ರೀತೀಲಿ ಹೇಳ್ತಾನೇ ಇದ್ಲು. ನಾವು ಮಾತ್ರೆ ಕೊಟ್ಟು ಸುಮ್ಮನಾಗಿಸಿದ್ವಿ.”

“ಹಲ್ಲು ಸರಿಯಾದ ಮೇಲೂ ಹೊಡ್ಕೊಂಡ್ರೆ?”

“ಆಗ ಮಾತ್ರೆ ವಿಚಾರ ನೋಡೋಣ. ಮೊದಲು ನೋವು ಹೋಗಲಿ.”

ಕಿಟಕಿಯವನು ಚೀಟಿಗೆ ಕೈ ಚಾಚಿದ. ತಂಗಿ, “ಹಲ್ಲಿನ ಡಾಕ್ಟರ ಕೋಣೆ ಎಲ್ಲಿ?” ಎಂದು ಕೇಳಿದಳು.

ಅಷ್ಟರಲ್ಲಿ ಅಕ್ಕ ಮಗುವನ್ನು ಎತ್ತಿಕೊಂಡಿದ್ದಳು. ಎಡಗೆನ್ನೆ ತನ್ನ ಹೆಗಲಿಗೆ ಒತ್ತದಂತೆ ಆ ಪುಟ್ಟ ತಲೆಯನ್ನು ಮೆಲ್ಲಗೆ ತಿರುಗಿಸಿಕೊಂಡು, ತಂಗಿಗಿಂತ ಮೊದಲೇ ಹೊರಟಳು.