ಬೋಳತಲಿ ಹುಡುಗಿ ಫೋಟೊ

...ಆ ಕದ ಸ್ವಲ್ಪ ಮುಂದ ಮಾಡು, ಲೀಲಾ. ಹಾಂ, ಸಾಕು. ಇನ್ನ ಹತ್ರ ಸರಿ. ನಾ ಹೇಳೂದು ನಿನ್ನ ಕಿವಿ ಬಿಟ್ಟು ಹೊರಗ ಹೋಗಬಾರದು, ಮಗನ ಮ್ಯಾಲ ಆಣಿ ಮಾಡು. ನಿಮ್ಮ ಅತ್ತಿಗಿ ಮುಂದನೂ ಬಾಯಿ ಬಿಡಬ್ಯಾಡ... ಯಾಕ ನಗ್ತೀ? ಹಿಂದಿನ ಸಲ ನಿನಗ ಹೇಳಿದ್ದನ್ನ ಮರುದಿನ ಹಿಟ್ಟಿನ ಗಿರಣಿಯಾಗ ಯಾರೋ ನನಗ ತಿರುಗಿ ಹೇಳಿದ್ರು, ಭಾಳ ಹೊಸಾ ಸುದ್ದಿ ಅನ್ನೂವಂಗ.

ಇವತ್ತು ಮುಂಜಾನೆ ನಳದ ಕಟ್ಟಿ ಹತ್ರ ಬಾಜೂಮನಿ ರತ್ನಾಬಾಯಿ ನನ್ನ ಮಾರಿಗಿ ಹೊಡದಂಗ ಮಾತಾಡಿದಳು. ಓಣಿ ಹೆಂಗಸರೆಲ್ಲಾ ನಿಂತಿದ್ರು. ಖಾಲಿ ಕೊಡ ಹಿಡಕೊಂಡು ತಿರುಗಿ ಬಂದೆ... ಏನಂದಳು? ಹೇಳ್ತೀನಿ ತಡಿ, ಅದಕ್ಕ ಕರಸೀನಿ. ಮೊದಲಿಂದ ಹೇಳದಿದ್ರ ನೀನೂ ಆಕಿ ಕಡೀಗೇ ನಿಲ್ತೀ.

ಆಕಿ ಮಗ ಅಣ್ಣಾರಾಯ ಲಂಡನ್ನಿಂದ ಬಂದಾನಲ್ಲ. ಎಮರ್ಜೆನ್ಸಿ ಟೈಮಿನಾಗ ಹೋದವ, ಈಗ ಲಗ್ನಕ್ಕ ಅಂತ ಬಂದಾನ. ಚಾದರದ ಅಂಗಡ್ಯಾಗ ಕೂಡು ಅಂತ ಅಪ್ಪ ಅಂದ್ರ, ಫೋಟೊ ತೆಗಿಯೂದು ಕಲೀತೀನಿ ಅಂತ ವಿಮಾನ ಹತ್ತಿದ. ಕಲತು ಏನ್ ತಗದಾನ? ರಾಣಿ ಅರಮನಿ? ಇಲ್ಲವ್ವ. ಬೀದ್ಯಾಗ ನಿಂತ ಉಡಾಳ ಹುಡುಗರನ್ನ ತಗದಾನ. ಅವರದ ಫೋಟೊ ಮಂಚದ ತುಂಬ ಹರವಿ ನನಗ ತೋರಸ್ತಾನ. ಒಬ್ಬಾಂವನ ಕೂದಲ ಹುಂಜದ ಜುಟ್ಟದಂಗ ನೆಟ್ಟಗ ನಿಂತದ. ಒಬ್ಬಾಕಿ ಕಿವ್ಯಾಗ ಸೇಫ್ಟಿ ಪಿನ್ನು, ನೀ ಬಳಿಗಿ ಸಿಗಿಸಿಕೊಂಡೀಯಲ್ಲ, ಅಂಥಾದ್ದ. ಅಷ್ಟು ರಾಜ್ಯ ಆಳಿದವರು, ಹೆಣ್ಣಮಗಳ ಕಿವಿಗಿ ಒಂದು ಗುಂಜಿ ಬಂಗಾರ ಹಾಕಾಕ ಆಗಿಲ್ಲ ನೋಡು.

ಇವರಿಗಿ ಏನಂತಾರೋ ಅಂದೆ. ಪಂಕ್ ಅಂದ. ನಾ ಗಾಳಿ ಬೀಸೂ ಪಂಖಾ ಅಂತ ತಿಳದೆ, ಆ ಕೂದಲ ನೋಡಿದ್ರ ಹಂಗ ಇತ್ತು. ಅವ ಹೊಟ್ಟಿ ಹಿಡಕೊಂಡು ನಕ್ಕ. ಅವರದ ಬ್ಯಾರೆ ಹಾಡಂತ, ಬ್ಯಾರೆ ಕುಣಿತಂತ. ಛಲೋ ಅರಿವಿ ಬೇಕಂತಲೇ ಹರದು ಉಡತಾರಂತ. ಹಗಲು ರಾತ್ರಿ ಮಗ್ಗ ಬಡಿಯೂ ಊರಾಗ ಕುಂತು ನಾ ಇದನ್ನ ಕೇಳಬೇಕು.

ಅದರಾಗ ಒಂದು ಫೋಟೊ... ಧ್ವನಿ ಏರತೇನು? ಒಂದು ಹುಡುಗಿ. ತಲಿ ಬೋಳಸ್ಯಾರ. ಹಣಿ ಖಾಲಿ, ಕೈ ಖಾಲಿ, ಮೈಮ್ಯಾಲ ಕರೇ ಅರಿವಿ. ಅಣ್ಣಾರಾಯನ ಕಡಿ ನೋಡಿ ಹಲ್ಲ ಕಾಣಹಂಗ ನಗ್ತಾಳ. ಇಷ್ಟ ಎಳೇ ವಯಸ್ಸಿನಾಗ ಗಂಡನ್ನ ಕಳಕೊಂಡಾಕಿ ಈ ಪೋರನ ಮಾರಿ ನೋಡಿ ನಗ್ತಾಳಂದ್ರ, ಏನ ತಿಳೀಬೇಕು? ಕೇಳಿದೆ. ಗೆಳತಿ, ದೊಡ್ಡವ್ವಾ, ಲಗ್ನನ ಆಗಿಲ್ಲ ಆಕಿದು, ಅಲ್ಲಿ ಹುಡುಗರು ಹುಡುಗ್ಯಾರು ಶೋಕಿಗಿ ಬೋಳಿಸಿಕೊಂತಾರ ಅಂದ. ಶೋಕಿಗಿ. ಯಾವ ಹೆಣ್ಣು ಶೋಕಿಗಿ ತಲಿ ಬೋಳಿಸಿಕೊಂತಾಳ, ನೀನ ಹೇಳು.

ಅವನ ಲಗ್ನ ವಾಗದರಿ ಭೀಮಣ್ಣನ ಮಗಳು ನೀಲಾನ ಜೋಡಿ ಗಟ್ಟಿ ಆಗಿತ್ತು. ಹುಡುಗಿ ಒಪ್ಪಿದ್ದಳು, ಇವಂತೂ ಆಕಿ ಹೆಸರ ತಗದ್ರ ಸಾಕು, ಕಿವಿ ಕೆಂಪ ಮಾಡಿಕೊಂತಿದ್ದ. ನಿಶ್ಚಯದ ದಿನ ಉಡಿಸೂ ಸಾಖರಪುಡಾದ ಸೀರಿನೂ ತಂದಿದ್ರು. ಅಷ್ಟರಾಗ ಭೀಮಣ್ಣ ಸಂಬಂಧ ಬ್ಯಾಡ ಅಂತ ಹೇಳಿ ಕಳಸಿದ. ಅಣ್ಣಾರಾಯ ತಾನ ವಾಗದರಿಗಿ ಹೋದ, ತಿಳಿಸಿ ಹೇಳ್ತೀನಂತ. ಹೊಸ್ತಿಲಾ ದಾಟಗೊಡಲಿಲ್ಲಂತ. ಈಗ ನೋಡಿದ್ರ ರತ್ನಾಬಾಯಿ ನನ್ನ ಹೆಸರ ಹಚ್ಚಾಕತ್ತಾಳ. ಅಡಗಿಮನಿ ಬಾಗಲಾ ನನಗ ಮುಚ್ಚ್ಯಾಳ. ಮಜ್ಜಗಿ ಬರೂದು ನಿಂತದ. ನಾ ಏನ ಮಾಡೀನಿ? ಗುರುವಾರ ಅಕ್ಕಲಕೋಟಕ್ಕ ಹೋಗಿದ್ದೆ, ಖರೆ. ಭೀಮಣ್ಣನೂ ಗುರುವಾರ ತಪ್ಪದ ಅಲ್ಲಿಗಿ ಬರ್ತಾನ, ಅದೂ ಖರೆ. ಸ್ವಾಮಿ ದರ್ಶನಕ್ಕ ಊರ ಮಂದಿ ಹೋಗ್ತದ, ಎಲ್ಲಾರೂ ಲಗ್ನ ಮುರಿಯಾಕ ಹೋಗ್ತಾರೇನು?

ಭೀಮಣ್ಣಂದು ನೆನಸಿದ್ರ ಪಾಪ ಅನಸ್ತದ. ಆ ಫೋಟೊ ಹಿಡಕೊಂಡು, ಧೋತರದ ಚುಂಗಿಲೇ ಚಸ್ಮಾ ಒರಸಿ ಒರಸಿ ನೋಡಿದ. ಗುಡಿ ಮುಂದಿನ ಆಲದ ಗಿಡದ ಕಟ್ಟಿಮ್ಯಾಲ ಕುಂತಬಿಟ್ಟ...

ಯಾಕ, ಹಂಗ್ಯಾಕ ನೋಡ್ತೀ?

ಮಂದಿ ಹೇಳಿದ್ರು ನನಗ. ಅಲ್ಲಿದ್ದ ಮಂದಿ... ನೀ ಕೇಳಿಲ್ಲ, ಖರೆ, ನಾನ ಹೇಳಾಕತ್ತೀನಿ. ಚಹಾ ಕುಡಿ, ಆರ್ತದ. ಲೀಲಾ... ಏನರ ಅನ್ನು. ಬೈ ಬೇಕಾದ್ರ.

ಹೌದು. ಆ ಫೋಟೊ ನಾನ ಒಯ್ದೆ. ರತ್ನಾಬಾಯಿ ಚಹಾಕ್ಕಿಡಾಕ ಒಳಗ ಹೋದಾಗ ಸೆರಗಿನಾಗ ಇಟಗೊಂಡೆ. ಇವರ ಮಗ ಪರದೇಶದಾಗ ಮುಂಡೀನ್ನ ಮಾಡಿಕೊಂಡಾನ, ನಿನ್ನ ಮಗಳನ್ನ ಬಾವಿಗಿ ನೂಕಬ್ಯಾಡ ಅಂತ ಭೀಮಣ್ಣಗ ಹೇಳಿದೆ. ಒಂದು ಹೆಣ್ಣಿನ ಬಾಳೇವು ಉಳಿಸಿದೆ ಅಂತ ನಾ... ಮುಂಡಿ ಅಂದ್ರ ಏನು ಅಂತ ನನಗಿಂತ ಯಾರಿಗಿ ಗೊತ್ತದ, ನನ್ನ ಹಣಿ ನೋಡಿಲ್ಲೇನು ನೀ? ಅಂಥಾಕಿ ಕಾಲಿಟ್ಟ ಮನಿ ಹ್ಯಾಂಗ ಛಲೋ ಇರ್ತದ? ನನಗ ಎಲ್ಲಾರೂ ಅದನ್ನ ಹೇಳಿ ಕಲಿಸ್ಯಾರ.

ಹೋಗಬ್ಯಾಡ, ಕೂಡು. ಆಕಿ ಅಂದದ್ದು ಕೇಳಿ ಹೋಗು. ಆಕಿ ಬೈಲಿಲ್ಲ. ಬೈದಿದ್ರ ನಾನೂ ಎರಡ ಬೈದು ಮುಗಸ್ತಿದ್ದೆ. ಕೊಡ ಕೆಳಗಿಟ್ಟು, ತಣ್ಣಗ ಅಂದಳು:

“ಕಸ್ತೂರಕ್ಕಾ, ನಿನ್ನ ಬಳಿ ಒಡದ ಮ್ಯಾಲೂ ನಮ್ಮನಿ ಲಗ್ನದಾಗ ಮೊದಲನೇ ಅರಿಷಿಣ ನಿನ್ನ ಕೈಲೇ ಹಚ್ಚಿಸೀನಿ. ನಮ್ಮತ್ತಿ ಬ್ಯಾಡ ಅಂದ್ರೂ ಹಚ್ಚಿಸೀನಿ. ಆ ಫೋಟೊದ ಹುಡುಗಿ ನೀ ಅಂದಂಥಾಕಿನ ಇದ್ದು, ಸೊಸಿಯಾಗಿ ಬಂದಿದ್ರೂ, ನಿನ್ನ ಬಾಜೂಕ ಕುಂಡ್ರಿಸಿ ಉಣ್ಣಾಕ ನೀಡ್ತಿದ್ದೆ.”