ಹಡಗು ಬಾರದ ದ್ವೀಪ

ಯಲ್ಲಾಲಿಂಗ ನಮ್ಮ ಚಿಕ್ಕಮ್ಮನ ಮಗ. ಬಿ.ಎಸ್ಸಿ. ಓದಿದವನು. ದೆವ್ವದ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಅಂಥವನಿಗೆ ಆದದ್ದು ಇದು... ಹೋದ ಚಳಿಗಾಲದಲ್ಲಿ.

ದೇವದುರ್ಗದ ಕೊನೆಯ ಬಸ್ಸು ಅವನನ್ನು ಮಸರಕಲ್ಲಿನ ಹೊರಗೆ ಇಳಿಸಿದಾಗ ರಾತ್ರಿ ಹತ್ತೂಕಾಲು. ಊರೊಳಗೆ ಹೋಗಲು ಹತ್ತು ನಿಮಿಷದ ನಡಿಗೆ. ನಡುವೆ ಆಲದಮರ, ಅದರ ಮಗ್ಗುಲಲ್ಲಿ ಹಳೆಯ ಬಾವಿ. ದಿನಾ ನಡೆಯುವ ದಾರಿಯೇ. ಆದರೆ ಅಂದು ಕಾಲು ಏಳುತ್ತಿರಲಿಲ್ಲ. ಹೆದರಿಕೆಗಲ್ಲ... ನಾಚಿಕೆಗೆ.

ಆ ಬಾವಿಕಟ್ಟೆಯ ಮೇಲೆ ದಿನಾ ಸಂಜೆ ಒಂದು ತಂಬಿಗೆ ನೀರು ಇರುತ್ತಿತ್ತು. ಇಡುತ್ತಿದ್ದವಳು ಅವನ ಪಕ್ಕದ ಮನೆಯ ಕನಕಮ್ಮ. ಅವಳು ಹೊಟ್ಟೆಯಲ್ಲಿದ್ದಾಗ ಅಪ್ಪ ಹಂಪಯ್ಯ ಫೌಜಿಗೆ ಸೇರಿ, ಹಡಗು ಹತ್ತಿ ಹೋದವನು ತಿರುಗಿ ಬರಲಿಲ್ಲ. ಹೆಣವೂ ಇಲ್ಲ, ಗೋರಿಯೂ ಇಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ: ಸತ್ತವನಿಗೆ ಎಡೆ ಇಡುವಾಗ, ಸಾಯುವ ಹೊತ್ತಿಗೆ ಅವನಿಗೆ ಯಾವುದು ಸಿಗಲಿಲ್ಲವೋ ಅದನ್ನೇ ಮೊದಲು ಇಡಬೇಕು. ಹಂಪಯ್ಯನಿಗೆ ಏನು ಸಿಗಲಿಲ್ಲ ಎಂದು ಯಾರಿಗೆ ಗೊತ್ತು? ಉಪ್ಪುನೀರಿನ ನಡುವೆ ಹೋದವನು, ಕುಡಿಯುವ ನೀರು ಸಿಕ್ಕಿರಲಿಕ್ಕಿಲ್ಲ ಅಂದುಕೊಂಡಳು ಕನಕಮ್ಮನ ತಾಯಿ. ಅವಳು ನೀರು ಇಟ್ಟಳು. ಅವಳ ನಂತರ ಮಗಳು ಇಟ್ಟಳು.

ಮೂರು ವಾರದ ಹಿಂದೆ ಕನಕಮ್ಮ ಟ್ರಂಕಿನ ತಳದಿಂದ ಒಂದು ಇಂಗ್ಲಿಷ್ ಕಾಗದ ತೆಗೆದು ಯಲ್ಲಾಲಿಂಗನ ಕೈಗೆ ಕೊಟ್ಟಿದ್ದಳು. ಎಲ್ಲಿ ಸತ್ತ, ಹೆಂಗ ಸತ್ತ, ನೋಡಿ ಹೇಳಪಾ... ನಾ ಹೋಗೂದ್ರೊಳಗ ಎಡಿ ಸರಿಯಾಗಿ ಇಡಬೇಕು ಅಂದಿದ್ದಳು. ಕಾಗದದಲ್ಲಿ ಇದ್ದದ್ದು ಹೆಸರು, ನಂಬರು, 1944 ಎಂಬ ಇಸವಿ, ನ್ಯೂ ಬ್ರಿಟನ್ ಎಂಬ ದ್ವೀಪ. ಎರಡು ರಾತ್ರಿ ಇಂಟರ್‌ನೆಟ್ಟಿನಲ್ಲಿ ಹುಡುಕಿದ ಮೇಲೆ ಅವನಿಗೆ ಉಳಿದದ್ದೆಲ್ಲ ತಿಳಿಯಿತು. ಹೇಳಲಿಲ್ಲ. ಕೇಳಿದಾಗಲೆಲ್ಲ ನೋಡಾಕತ್ತೀನಿ ಯವ್ವಾ ಅಂದ. ಹೇಳಿದರೆ ಒಂದು ತಾಸು ಕೂಡಬೇಕು, ಮುದುಕಿ ಅಳುತ್ತಾಳೆ. ಅಷ್ಟೇ ಕಾರಣ.

ಅವನು ದೇವದುರ್ಗದಲ್ಲಿ ಸಂಜೆ ಕೋಚಿಂಗ್ ಕ್ಲಾಸಿಗೆ ಪಾಠ ಹೇಳುತ್ತಾನೆ. ಅಂದಿನ ಪಾಠ ಎರಡನೇ ಮಹಾಯುದ್ಧದ ಸಮುದ್ರಕಾಳಗ. ಹಲಗೆಯ ಮೇಲೆ ದ್ವೀಪಕ್ಕೊಂದು ಸೊನ್ನೆ ಬರೆದ. ಮಿಡ್‌ವೇ ಹತ್ತಿರ ಜಪಾನಿನ ನಾಲ್ಕು ವಿಮಾನವಾಹಕ ಹಡಗು ಮುಳುಗಿದವು. ಗ್ವಾಡಲ್‌ಕನಾಲ್ ದ್ವೀಪಕ್ಕಾಗಿ ಆರು ತಿಂಗಳು ಕಾದಾಡಿದರು. ಅಲ್ಲಿಗೆ ಯುದ್ಧದ ಮುಖ ತಿರುಗಿತು ಅಂದ. ಸಮುದ್ರ ಕೈಗೆ ಬಂದಮೇಲೆ ಪ್ರತಿ ದ್ವೀಪವನ್ನೂ ಗೆಲ್ಲುವ ಗರಜು ಇಲ್ಲ. ಬೇಕಾದ್ದನ್ನು ಹಿಡಿದರು, ಬೇಡಾದ್ದನ್ನು ಬಿಟ್ಟು ಮುಂದೆ ಹೋದರು. ಬಿಟ್ಟ ದ್ವೀಪಕ್ಕೆ ಹಡಗು ಬಂದ್, ಅಕ್ಕಿ ಬಂದ್. ಆ ಸೊನ್ನೆಗಳ ಮೇಲೆ ಗೀಟು ಎಳೆದ.

ಬಿಟ್ಟ ದ್ವೀಪದಾಗ ಇದ್ದವರು ಏನಾದ್ರು ಸರ್ ಎಂದು ದುರುಗೇಶ ಎಂಬ ಹುಡುಗ ಕೇಳಿದ.

"ಅವರು ಪರೀಕ್ಷಾಕ ಬರಂಗಿಲ್ಲ ಬಿಡೋ. ನಮ್ಮೂರಾಗ ಒಬ್ಬಾಕಿ ಮುದುಕಿ ಅದಾಳ. ಅಲ್ಲಿ ಕೈದಿಯಾಗಿ ಸತ್ತ ಅಪ್ಪಗ ದಿನಾ ನೀರ ಇಡತಾಳ. ಅಂವ ಸತ್ತದ್ದು ಹಸದು!"

ಕ್ಲಾಸು ನಕ್ಕಿತು. ಅವನೂ ನಕ್ಕ. ಆಗ ಹಿಂದಿನ ಬೆಂಚು ಕಣ್ಣಿಗೆ ಬಿತ್ತು. ಕನಕಮ್ಮನ ಮೊಮ್ಮಗಳು ವಿಶಾಖಾ. ಅಂದೇ ಸೇರಿದ್ದಳು. ತಲೆ ತಗ್ಗಿಸಿ, ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು.

ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಇಳಿದ ಮೇಲೆ ಅಣ್ಣನ ಬೈಕು ಹತ್ತಿ ಹೋದಳು. ಇವನು ನಡೆದ.

ಆಲದ ಹತ್ತಿರ ಬಂದಾಗ ಸಪ್ಪಳ ಕೇಳಿಸಿತು... ಸಳ್... ಸ್ಸ್... ಸಳ್... ಸ್ಸ್... ಗದ್ದೆಯ ಪಂಪ್‌ಸೆಟ್ ಅಲ್ಲ. ಗಾಳಿಯೂ ಇರಲಿಲ್ಲ. ನೀರು ಬಂದು ಕಲ್ಲಿಗೆ ಬಡಿದು, ಉಸುಕನ್ನು ಎಳೆದುಕೊಂಡು ಹಿಂದೆ ಸರಿಯುವ ಸಪ್ಪಳ. ಬಾವಿಯಿಂದ ಬರುತ್ತಿತ್ತು. ಬಾವಿಯ ನೀರು ಹಾಗೆ ಬಡಿಯುವುದಿಲ್ಲ.

ನಿಂತ. ಮೊಬೈಲಿನ ಬೆಳಕು ಬಿಟ್ಟ. ಕಟ್ಟೆಯ ಮೇಲೆ ತಂಬಿಗೆ... ತುಂಬಿದ್ದು ತುಂಬಿದಂತೆಯೇ ಇತ್ತು. ಅದರ ಆಚೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಮೊಣಕಾಲು ಎರಡೂ ಹೆಗಲಿಗಿಂತ ಮೇಲೆ. ಅಷ್ಟು ತೆಳ್ಳಗೆ...

"ಮಾಸ್ತರ... ಹಡಗ ಬರತದೇನ್ರಿ?"

ಪಿಸುಮಾತು. ಉತ್ತರ ಗೊತ್ತಿದ್ದವನು ಯಲ್ಲಾಲಿಂಗನೊಬ್ಬನೇ.

"ಇಲ್ರಿ... ಆ ದಾರೀಲೆ ಬರಂಗಿಲ್ಲ."

ಸಳ್... ಸ್ಸ್...

"ನಮಗ ಯಾರೂ ಹೇಳಲಿಲ್ಲ. ಮಗಳಿಗಾದ್ರೂ ಹೇಳ್ರಿ."

ಬೆಳಕು ಆರಿತು. ಮತ್ತೆ ಹಚ್ಚಿದಾಗ ತಂಬಿಗೆ ಮಾತ್ರ ಇತ್ತು. ಸಪ್ಪಳವೂ ಇರಲಿಲ್ಲ.

ಅವನು ತನ್ನ ಮನೆಗೆ ಹೋಗಲಿಲ್ಲ. ಕನಕಮ್ಮನ ಬಾಗಿಲು ಬಡಿದ. ತೆಗೆದವಳು ವಿಶಾಖಾ.

"ನಾ ಏನೂ ಹೇಳಿಲ್ಲ ಸರ್. ನೀವ ಹೇಳ್ರಿ," ಅಂದಳು, ಮೆಲ್ಲಗೆ.

ನೆಲದ ಮೇಲೆ ಕೂತು ಹೇಳಿದ. ಸಿಂಗಾಪುರದಲ್ಲಿ ಸೆರೆ ಸಿಕ್ಕವರನ್ನು ಹಡಗಿನಲ್ಲಿ ಆ ದ್ವೀಪಕ್ಕೆ ಒಯ್ದು ದುಡಿಸಿಕೊಂಡದ್ದು. ಸಮುದ್ರದಲ್ಲಿ ಜಪಾನ್ ಸೋತದ್ದು. ಗೆದ್ದವರೂ ಆ ದ್ವೀಪವನ್ನು ಬಿಟ್ಟು ಹೋದದ್ದು. ಮಳೆ ಬೀಳುವ ನಾಡು, ಕುಡಿಯುವ ನೀರಿಗೆ ಬರ ಇರಲಿಲ್ಲ; ಕಡಿಮೆ ಬಿದ್ದದ್ದು ಅನ್ನ. ಕಡೆಗೆ, ಇದನ್ನು ತಾನು ಸಂಜೆ ಕ್ಲಾಸಿನಲ್ಲಿ ನಗೆಚಾಟಿಕೆ ಮಾಡಿದ್ದನ್ನೂ ಹೇಳಿದ. ಬಾವಿಯ ಹತ್ತಿರ ಕಂಡದ್ದನ್ನು ಹೇಳಲಿಲ್ಲ. ಮುಖ ಎತ್ತಲಾಗಲಿಲ್ಲ.

ಕನಕಮ್ಮ ಅಳಲಿಲ್ಲ.

"ಹಸದವಗ ಇಷ್ಟ ವರ್ಷ ಬರೇ ನೀರ ಇಟ್ಟೆ ನಾನು," ಅಂದಳು. "ಮೂರ ವಾರ ಮೊದಲ ಹೇಳಿದ್ರ ಮೂರ ವಾರಾದ್ರೂ ಕಡಿಮಿ ಆಗತಿತ್ತಲ್ಲಪಾ."

ಬೈದದ್ದು ಅಷ್ಟೇ. ಬೈಯದೆ ಬಿಟ್ಟದ್ದನ್ನು ಅವನು ಈಗಲೂ ಹೊತ್ತುಕೊಂಡಿದ್ದಾನೆ.

ಮುಂಜಾನೆತನಕ ಕಾಯಲಿಲ್ಲ ಮುದುಕಿ. ಎದ್ದು ಜೋಳದ ಹಿಟ್ಟು ಕಲಸಿದಳು. ನಡುರಾತ್ರಿ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ... ಪಟ್, ಪಟ್, ಪಟ್. ನಾಲ್ಕು ರೊಟ್ಟಿ. ಮೂವರೂ ಹೋಗಿ ತಾಟಿನಲ್ಲಿ ಬಾವಿಕಟ್ಟೆಯ ಮೇಲೆ ಇಟ್ಟರು. ನಾಯಿ, ಬೆಕ್ಕು ಮುಟ್ಟಬಾರದೆಂದು ಯಲ್ಲಾಲಿಂಗ ಬುಟ್ಟಿ ಮುಚ್ಚಿ, ಮೇಲೆ ಕಲ್ಲು ಹೇರಿದ. ನಾಲ್ಕು ಎಂದು ಎಣಿಸಿಯೇ ಮುಚ್ಚಿದ.

ಬೆಳಗ್ಗೆ ಕಲ್ಲು ಇಟ್ಟಲ್ಲೇ ಇತ್ತು. ಬುಟ್ಟಿ ಎತ್ತಿದರೆ ತಾಟು ಖಾಲಿ. ಒಂದು ಚೂರೂ ಇಲ್ಲ.

ತಂಬಿಗೆ ತೆಗೆಯಲು ಬಗ್ಗಿದ ವಿಶಾಖಾ ತಡೆದು ನಿಂತಳು. ಬಾವಿಯ ಒಳಗೋಡೆಯಲ್ಲಿ, ಕೈ ಮಾತ್ರ ಹೋಗುವಂಥ ಕಲ್ಲುಸಂದಿಯಲ್ಲಿ, ಏನೋ ತುರುಕಿಟ್ಟಂತೆ ಇತ್ತು. ಯಲ್ಲಾಲಿಂಗ ಎಳೆದು ತೆಗೆದ. ಅರ್ಧ ರೊಟ್ಟಿ. ನೀಟಾಗಿ ಮಡಚಿ, ಒಂದು ಅಗಲವಾದ ಎಲೆಯಲ್ಲಿ ಸುತ್ತಿ... ನಾಳೆಗೆ ಬೇಕೆಂದು ಎತ್ತಿಟ್ಟ ಹಾಗೆ.

ಅವನು ಅದನ್ನು ಇದ್ದಲ್ಲೇ ಇಟ್ಟು ಬಂದ. ನಾನು ಸೇರಿಸಿ ಹೇಳಿದ್ದು ಇದರಲ್ಲಿ ಒಂದು ಮಾತೂ ಇಲ್ಲ. ಮಸರಕಲ್ಲಿನ ಆ ಕಟ್ಟೆಯ ಮೇಲೆ ಈಗ ದಿನಾ ಸಂಜೆ ರೊಟ್ಟಿ ಇರುತ್ತದೆ. ಇಡುವವನು ಯಲ್ಲಾಲಿಂಗ.