ಎತ್ತಿದವನೇ ಸಾಕ್ಷಿ

ಟಿಕೋಟಾದಲ್ಲಿ ವಿಜಾಪುರದ ಬಸ್ಸಿಗೆ ನಿಂತ ಸರತಿಯ ಬಾಲ ದಿಲ್ಲಿ ಮುಟ್ಟಿತ್ತು. ನಿಂತು ನಿಂತು ಕಾಲು ಸೋತ ಮುದುಕಿಯೊಬ್ಬಳ ಕಿವಿಗೆ ಮುಂದಿನಿಬ್ಬರ ಮಾತು ಬಿತ್ತು.

“ಬಾವಿಯಿಂದ ನನ್ನ ಯಾಕ ಎತ್ತಿದಿ, ಚಮನಣ್ಣಾ? ಸಾಯಾಕ ಹೋಗಿದ್ಳಂತ ಪೊಲೀಸರು ಕೇಸ್ ಹಾಕ್ಯಾರ.”

“ಅದಕ್ಕ ನಾನೇ ಸಾಕ್ಷಿ, ಸಕ್ರವ್ವಾ. ಎತ್ತಿದ ಕೈಲೇ ಜೇಲಿಗೆ ನೂಕಬೇಕಂತ.”

“ಕೋರ್ಟಿನ್ಯಾಗ ಏನಂತಿ?”

“ನೀರು ಸೇದುವಾಗ ಕಾಲು ಜಾರಿತು ಅಂತೀನಿ.”

“ಆಣಿ ಮಾಡಿ ಸುಳ್ಳು ಹೇಳ್ತಿ? ಒಂದು ನಮಾಜು ತಪ್ಪಿಸದಾಂವ?”

“ಅಲ್ಲಾಗ ನಾ ಉತ್ತರ ಕೊಡ್ತೀನಿ. ನೀ ಮತ್ತ ಬೀಳಬ್ಯಾಡ ಬೇ. ನನಗ ಈಸು ಬರೂದಿಲ್ಲ.”

“ಮತ್ತ ಅವತ್ತ?”

“ಅವತ್ತೂ ಬರ್ತಿದ್ದಿಲ್ಲ.”

ಬಸ್ಸು ಬಂತು. ಏಳು ಊರಿನ ಮಂದಿ ಒಮ್ಮೆಲೇ ನುಗ್ಗಿದರು. ಸಕ್ರವ್ವ ಹೇಗೋ ಮೊದಲು ಹತ್ತಿದಳು. ತಿರುಗಿ, ಕೈ ಚಾಚಿ, ಚಮನಸಾಬನನ್ನು ಮೇಲೆಳೆದುಕೊಂಡಳು.